ತಟ್ಟೆ ತಿರುಗಿಸಿದ ಕೈ

೧

ಈ ಕಥೆಯನ್ನು ಒಂದು ಸಂಖ್ಯೆಯಿಂದ ಶುರು ಮಾಡೋಣವೆಂದು ಕುಳಿತೆ. "ಇಲ್ಲಿಯವರೆಗೆ ನಾಲ್ಕು ಸಾವಿರದ ನೂರ ಹನ್ನೆರಡು ಸಂಶೋಧಕರು ಆಕೆಯ ಪೇಪರನ್ನು ಉಲ್ಲೇಖಿಸಿದ್ದಾರೆ" ಎಂದು ಬರೆದು, ಎದ್ದು ಹೋಗಿ ನೀರು ಕುಡಿದು ಬಂದು ನೋಡಿದರೆ ಅದು ನೂರ ಹದಿಮೂರಾಗಿತ್ತು. ಮೊದಲ ವಾಕ್ಯದಲ್ಲೇ ಸುಳ್ಳು ಹೇಳಿದ ಹಾಗಾಯಿತು. ಅಳಿಸಿದೆ.

ಬಾಲ್ಯದಿಂದ ಶುರು ಮಾಡಬಹುದಿತ್ತು. ವಿಜ್ಞಾನಿಗಳ ಕಥೆ ಬರೆಯುವವರೆಲ್ಲ ಇರುವೆ ಸಾಲನ್ನೇ ನೋಡುತ್ತ ಊಟ ಮರೆತ ಹುಡುಗಿಯಿಂದ ಶುರು ಮಾಡುತ್ತಾರೆ. ನಮ್ಮ ವಿಜ್ಞಾನಿ ಇರುವೆ ಕಂಡರೆ ಚಪ್ಪಲಿಯಲ್ಲಿ ಹೊಸಕುತ್ತಿದ್ದರು, ಊಟವನ್ನಂತೂ ಯಾವತ್ತೂ ಮರೆತವರಲ್ಲ. (ಇದನ್ನು ನಾನೇ ಕಟ್ಟಿದ್ದು. ಆದರೆ ಅವರು ಆಕ್ಷೇಪಿಸಿಲ್ಲ.)

ನನಗೆ ಈ ಉಲ್ಲೇಖಗಳ ಲೆಕ್ಕ ಕಂಡರೆ ಹೊಟ್ಟೆಯುರಿ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ಬರೆದಿದ್ದೇನೆ, ಯಾರೋ ಒಬ್ಬರು ಒಂದೇ ಒಂದು ಸಲ ಅಡಿಟಿಪ್ಪಣಿಯಲ್ಲಿ ನನ್ನನ್ನು ನೆನೆಸಿದ್ದರು. ಅದೂ ಇನ್ನೊಬ್ಬರು ಬರೆದ ಕಥೆಯನ್ನು ನನ್ನದೆಂದು ತಿಳಿದು. ನಾನು ತಿದ್ದಲು ಹೋಗಲಿಲ್ಲ.

೨

ನೇರವಾಗಿ ಹೇಳಿಬಿಡುತ್ತೇನೆ, ಕಸುಬುಗಾರಿಕೆ ಆಮೇಲೆ ತೋರಿಸಿದರಾಯಿತು.

ಒಬ್ಬ ವಿಜ್ಞಾನಿ ಇದ್ದಾರೆ. ಲ್ಯಾಬಿನಲ್ಲಿ ಎಲ್ಲರೂ ಮೇಡಂ ಎನ್ನುತ್ತಾರೆ, ನಾವೂ ಹಾಗೇ ಕರೆಯೋಣ. ಜೀವಕೋಶದೊಳಗೆ ಯಾವ ಪ್ರೋಟೀನಿಗೆ ಏನು ಕೆಲಸ ಎಂದು ಕಂಡುಹಿಡಿಯುವುದು ಅವರ ವೃತ್ತಿ. ಒಂದು ಪ್ರೋಟೀನನ್ನು ಇಲ್ಲವಾಗಿಸಿ, ಆಮೇಲೆ ಜೀವಕೋಶ ಏನು ಪಡಿಪಾಟಲು ಪಡುತ್ತದೆ ಎಂದು ನೋಡುತ್ತಾರೆ. ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು ಅನ್ನುವುದು ಅವರು ನಾಲ್ಕು ದಿನ ಇಲ್ಲದಾಗ ಗೊತ್ತಾಗುತ್ತದಲ್ಲ, ಅದೇ ಲೆಕ್ಕ.

ಹದಿನೈದು ವರ್ಷದ ಹಿಂದೆ ಮೇಡಂ ಮತ್ತು ಅವರ ಮೊದಲ ವಿದ್ಯಾರ್ಥಿನಿ ಸೇರಿ ಹೀಗೆ ಒಂದು ಪ್ರೋಟೀನನ್ನು ಇಲ್ಲವಾಗಿಸಿದರು. ಮಾರನೆಯ ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಲ್ಯಾಬಿನ ಪುಟ್ಟ ತಟ್ಟೆಯ ತುಂಬ ಚದುರಿಕೊಂಡಿರಬೇಕಾದ ಜೀವಕೋಶಗಳು ನಡುವಿಗೆ ಬಂದು ಒಂದಕ್ಕೊಂದು ಆತುಕೊಂಡಿದ್ದವು. ಪ್ರೋಟೀನನ್ನು ಮುಟ್ಟದೆ ಬಿಟ್ಟ ತಟ್ಟೆಯಲ್ಲಿ ಎಂದಿನ ಹಾಗೆ ದೂರ ದೂರ. ಹಾಗಾದರೆ ಜೀವಕೋಶಗಳನ್ನು ಒಂದರಿಂದೊಂದು ದೂರ ಇಡುತ್ತಿದ್ದದ್ದು ಆ ಪ್ರೋಟೀನೇ! ಚಿತ್ರ ದೊಡ್ಡ ಪತ್ರಿಕೆಯ ಮುಖಪುಟಕ್ಕೆ ಹೋಯಿತು. ದಿನಪತ್ರಿಕೆಗಳು ಅದನ್ನು 'ಒಂಟಿತನದ ಪ್ರೋಟೀನ್' ಎಂದು ಕರೆದವು. ಕ್ಯಾನ್ಸರ್ ಹರಡುವುದನ್ನು ಅಭ್ಯಾಸ ಮಾಡುವವರು ಉಲ್ಲೇಖಿಸಿದರು, ಗಾಯ ಮಾಯುವುದನ್ನು ಅಭ್ಯಾಸ ಮಾಡುವವರು ಉಲ್ಲೇಖಿಸಿದರು, ಕಚೇರಿಯಲ್ಲಿ ತಂಡ ಕಟ್ಟುವುದು ಹೇಗೆಂದು ಭಾಷಣ ಮಾಡುವವರೊಬ್ಬರು ಕೂಡ ಉಲ್ಲೇಖಿಸಿದರು.

ಆ ವಿದ್ಯಾರ್ಥಿನಿಗೆ ಲ್ಯಾಬಿನಲ್ಲಿ ಬೆಣ್ಣೆ ಎಂದು ಅಡ್ಡಹೆಸರು. ಅಷ್ಟು ಮೆತ್ತನೆಯ ಕೈ. ಬೇರೆಯವರ ಕೈಯಲ್ಲಿ ಸತ್ತು ತೇಲುವ ಜೀವಕೋಶಗಳು ಅವಳ ಕೈಯಲ್ಲಿ ನಳನಳಿಸುತ್ತಿದ್ದವು. ಈ ವೃತ್ತಿಯಲ್ಲಿ ಒಂದು ಪದ್ಧತಿ ಇದೆ: ಕೈಯಾರೆ ಕೆಲಸ ಮಾಡಿದವರ ಹೆಸರು ಪೇಪರಿನಲ್ಲಿ ಮೊದಲು, ಲ್ಯಾಬಿನ ಯಜಮಾನರ ಹೆಸರು ಕೊನೆಗೆ. ಆ ಪೇಪರಿನಲ್ಲಿ ಮೊದಲ ಹೆಸರು ಬೆಣ್ಣೆಯದು, ಕೊನೆಯದು ಮೇಡಂ ಅವರದು.

ಬೆಣ್ಣೆ ಈಗ ಬೇರೆ ಊರಿನ ಸಂಸ್ಥೆಯೊಂದರಲ್ಲಿದ್ದಾಳೆ. ವರ್ಷ ವರ್ಷ ಮುಂದುವರಿಸುವ ಹಂಗಾಮಿ ಕೆಲಸ. ಅವಳನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಈ ವಾರ ಸಮಿತಿ ಕೂರುತ್ತದೆ. ಗುರುವಾರ ಮೂರು ಗಂಟೆಗೆ ಅದರ ಅಧ್ಯಕ್ಷರು ಮೇಡಂಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ಆ ಪ್ರಸಿದ್ಧ ಕೆಲಸ ನಿಜಕ್ಕೂ ಅವಳದ್ದೇನಾ?

ಆ ಕೆಲಸವೇ ತಪ್ಪು. ಅದು ಭಾನುವಾರ ಮೇಡಂಗೆ ಗೊತ್ತಾಯಿತು. ಇಷ್ಟೇ ಕಥೆ. ಅವಸರದಲ್ಲಿರುವವರು ಇಲ್ಲೇ ಇಳಿದುಕೊಳ್ಳಬಹುದು.

೩ (ಹರಿದು ಹಾಕಿದ್ದು)

ಮೊದಲ ಕರಡಿನಲ್ಲಿ ಬೆಣ್ಣೆ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದಳು. ಮೋಸ, ಮಹತ್ವಾಕಾಂಕ್ಷೆ, ಹದಿನೈದು ವರ್ಷದ ಪಾಪಪ್ರಜ್ಞೆ. ಎರಡು ಪುಟ ಸರಾಗವಾಗಿ ಹೋಯಿತು. ಮೂರನೆಯ ಪುಟಕ್ಕೆ ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

"ಅವಳು ಮೋಸ ಮಾಡೋಳಲ್ಲ. ಹರಿದು ಹಾಕಿ ಅದನ್ನ."

"ಮೇಡಂ, ಮೋಸ ಇಲ್ದಿದ್ರೆ ಕಥೆ ಸಪ್ಪೆ ಆಗುತ್ತೆ."

"ಆಗ್ಲಿ. ನಿಮ್ಮ ನಾಲಿಗೆ ರುಚಿಗೆ ನನ್ನ ಹುಡುಗಿ ಮೇಲೆ ಗೂಬೆ ಕೂರಿಸ್ಬೇಡಿ."

ನನ್ನ ಪಾತ್ರಗಳು ನನ್ನನ್ನು ಹೀಗೆ ಗದರಿಸುವುದು ಹೊಸದಲ್ಲ. ಆದರೆ ಸಾಮಾನ್ಯವಾಗಿ ಕೊನೆಯ ಹೊತ್ತಿಗೆ ಗದರಿಸುತ್ತವೆ, ಆಗ ಅದನ್ನೇ ಮುಕ್ತಾಯ ಮಾಡಿ ಕೈತೊಳೆದುಕೊಳ್ಳುತ್ತೇನೆ. ಇವರು ಮೂರನೆಯ ಪುಟಕ್ಕೇ ಶುರು ಮಾಡಿದರು.

೩ (ಉಳಿಸಿಕೊಂಡದ್ದು)

ಮೋಸವಿಲ್ಲ. ಇರುವುದು ಒಂದು ಮುಂಗೈ.

ಹಿಂದಿನ ವಾರ ಮೇಡಂ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಬಲ ಮುಂಗೈಯಲ್ಲಿ ಸಣ್ಣ ಬಿರುಕು. ಬೆರಳುಗಳು ಆಡುವ ಹಾಗೆ, ಮಣಿಕಟ್ಟು ಮಾತ್ರ ತಿರುಗದ ಹಾಗೆ ಗಟ್ಟಿ ಪಟ್ಟಿ ಬಿಗಿದು ಕಳಿಸಿದ್ದರು. ಅದೇ ಹೊತ್ತಿಗೆ ಅವರೊಂದು ಗೌರವ ಉಪನ್ಯಾಸ ಕೊಡಬೇಕಿತ್ತು. ಹಳೆಯ ಮುಖಪುಟದ ಚಿತ್ರವನ್ನೇ ಎಷ್ಟು ಸಲ ತೋರಿಸುವುದು, ಈ ಸಲ ಹೊಸದೊಂದನ್ನು ನಾನೇ ಕೈಯಾರೆ ಮಾಡಿ ತೋರಿಸುತ್ತೇನೆ ಎಂದು ಶನಿವಾರ ಹಠ ಹಿಡಿದು ಲ್ಯಾಬಿಗೆ ಹೊರಟರು.

ಅವರ ಗಂಡ ಹಲ್ಲಿನ ಡಾಕ್ಟರು. ಬಾಗಿಲಲ್ಲಿ ಅಡ್ಡ ನಿಂತರು. "ಒಂದು ಕೈಲಿ ಏನ್ ಮಾಡ್ತೀಯ?"

"ನಾನು ಒಂದು ಕೈಲಿ ಹಾಕಿದ್ನೋ ಎರಡು ಕೈಲೋ ಅಂತ ಜೀವಕೋಶಕ್ಕೆ ಏನ್ರೀ ಗೊತ್ತಾಗುತ್ತೆ?"

(ಈ ಮಾತಿನ ಕೆಳಗೆ ಗೆರೆ ಎಳೆಯಬೇಕೆಂದು ನನಗೆ ತುರಿಕೆ. ಎಳೆಯುವುದಿಲ್ಲ.)

ಲ್ಯಾಬಿನಲ್ಲಿ ರಜೆಯ ದಿನದ ನಿಶ್ಶಬ್ದ. ಗಾಳಿ ಸೋಸುವ ಯಂತ್ರದ ಒಂದೇ ಸಮನೆ ಸುಯ್ಯೆನ್ನುವ ಸದ್ದು, ಸ್ಪಿರಿಟ್ಟಿನ ವಾಸನೆ. ಗಾಜಿನ ಪರದೆಯ ಕೆಳಗೆ ಕೈ ತೂರಿಸಿ, ಅಂಗೈ ಅಗಲದ ತಟ್ಟೆಗೆ ಗುಲಾಬಿ ಬಣ್ಣದ ದ್ರಾವಣವನ್ನೂ ಅದರಲ್ಲಿ ತೇಲುವ ಜೀವಕೋಶಗಳನ್ನೂ ಸುರಿದರು. ಮೇಲಿಂದ ಆ ಪ್ರೋಟೀನನ್ನು ಇಲ್ಲವಾಗಿಸುವ ಮದ್ದನ್ನು ಹನಿ ಹನಿಯಾಗಿ ಹಾಕಿದರು. ಹಾಕಿದ ಮದ್ದು ಬೆರೆಯಬೇಕಲ್ಲ? ಅದಕ್ಕೆ ತಟ್ಟೆಯನ್ನು ಮೇಜಿನ ಮೇಲಿಟ್ಟು ಮೆತ್ತಗೆ ಮೂರು ಸುತ್ತು ತಿರುಗಿಸಬೇಕು. ಪೇಪರಿನಲ್ಲೂ ಹಾಗೇ ಬರೆದಿದೆ, ಮೆತ್ತಗೆ, ಮೂರು ಸುತ್ತು.

ಮುಂಗೈ ತಿರುಗಲಿಲ್ಲ. ಪಟ್ಟಿ ಬಿಡಲಿಲ್ಲ. ಮೇಡಂ ಬೈದುಕೊಂಡು, ಬೆಂಕಿಪೊಟ್ಟಣ ಸರಿಸಿದ ಹಾಗೆ ತಟ್ಟೆಯನ್ನು ಹಿಂದೆ ಮುಂದೆ, ಆಮೇಲೆ ಅಡ್ಡಡ್ಡ ಸರಿಸಿ, ಮೈಬಿಸಿಯಷ್ಟೇ ಶಾಖವಿರುವ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದರು.

ಭಾನುವಾರ ನೋಡಿದರೆ ಜೀವಕೋಶಗಳು ತಟ್ಟೆಯ ತುಂಬ ಚದುರಿಕೊಂಡಿದ್ದವು. ನಡುವೆ ಗುಂಪಿಲ್ಲ. ಮದ್ದು ಕೆಟ್ಟಿದೆ ಎಂದುಕೊಂಡರು. ಪ್ರೋಟೀನ್ ಇದೆಯೋ ಹೋಗಿದೆಯೋ ಎಂದು ಎಡಗೈಯಲ್ಲಿ ಒದ್ದಾಡಿಕೊಂಡು ಪರೀಕ್ಷೆ ಮಾಡಿದರು. ಹೋಗಿತ್ತು, ಪೂರ್ತಿ ಹೋಗಿತ್ತು. ಆದರೂ ಜೀವಕೋಶಗಳು ದೂರ ದೂರವೇ ಇದ್ದವು.

ಚಹಾ ಮಾಡಿಕೊಂಡು ಕುಳಿತರು. ಯೋಚಿಸುವಾಗ ಲೋಟವನ್ನು ಮೇಜಿನ ಮೇಲೆ ಗುಂಡಗೆ ತಿರುಗಿಸುವುದು ಅವರ ಅಭ್ಯಾಸ. ಎಡಗೈ ತನ್ನ ಪಾಡಿಗೆ ತಿರುಗಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಲೋಟದೊಳಗೆ ನೋಡಿದರು. ಚಹಾದ ಚರಟವೆಲ್ಲ ತಳದ ನಡುವಿಗೆ ಬಂದು ಗುಪ್ಪೆಯಾಗಿ ಕೂತಿತ್ತು.

ಲೋಟವನ್ನು ದೂರ ಸರಿಸಿದರು. ಆ ಚಹಾ ಕುಡಿಯಲಿಲ್ಲ.

೪

ಇಲ್ಲಿ ನಾನು ಒಂದು ಒಳ್ಳೆಯ ಪ್ಯಾರಾ ಬರೆದಿದ್ದೆ, ಆಕೆ ಕಿಟಕಿಯಾಚೆ ನೋಡುತ್ತ ಬದುಕಿನ ಬಗ್ಗೆ ಏನೇನೋ ನೆನೆಯುವುದು. ಮೇಡಂ ಓದಿ, "ಕಂಟ್ರೋಲ್ ಎಲ್ಲಿ?" ಅಂದರು.

"ಅಂದ್ರೆ?"

"ನನ್ನ ಕೈಗೆ ಏಟಾಗಿದ್ದರಿಂದ ಇಷ್ಟೆಲ್ಲ ಆಯ್ತು ಅಂತೀರಲ್ಲ, ಏಟಾಗದೆ ಇದ್ದಿದ್ರೆ ಏನಾಗ್ತಿತ್ತು ಅಂತ ತೋರಿಸಿದೀರಾ? ಉಳಿದದ್ದೆಲ್ಲ ಹಾಗೇ ಇಟ್ಟು ಒಂದನ್ನ ಮಾತ್ರ ಬದಲಾಯಿಸ್ಬೇಕು. ಅದು ಇಲ್ದೆ ನೀವು ಹೇಳೋದನ್ನ ಯಾಕ್ರೀ ನಂಬ್ಬೇಕು?"

ಇಷ್ಟು ವರ್ಷದಲ್ಲಿ ಯಾವ ವಿಮರ್ಶಕರೂ ನನ್ನ ಕೈಯಲ್ಲಿ ಕಂಟ್ರೋಲ್ ಕೇಳಿರಲಿಲ್ಲ. ಸರಿ, ಬರೆಯುತ್ತೇನೆ.

೪ (ಕಂಟ್ರೋಲ್)

ಮೇಡಂ ಮೆಟ್ಟಿಲಲ್ಲಿ ಜಾರಲಿಲ್ಲ. ಶನಿವಾರ ಲ್ಯಾಬಿಗೆ ಹೋದರು, ಮದ್ದು ಹಾಕಿದರು, ಮೆತ್ತಗೆ ಮೂರು ಸುತ್ತು ತಿರುಗಿಸಿದರು. ಭಾನುವಾರ ಜೀವಕೋಶಗಳು ನಡುವೆ ಗುಂಪಾಗಿದ್ದವು. ಚಿತ್ರ ಸುಂದರವಾಗಿ ಬಂತು. ಚಹಾ ಕುಡಿದು ಲೋಟ ತೊಳೆದಿಟ್ಟರು. ಗುರುವಾರ ಫೋನ್ ಬಂತು, "ಪೂರ್ತಿ ಅವಳದ್ದೇ ಕೆಲ್ಸ" ಅಂದರು. ಬೆಣ್ಣೆಗೆ ಕೆಲಸ ಕಾಯಂ ಆಯಿತು. ಉಪನ್ಯಾಸದಲ್ಲಿ ಚಪ್ಪಾಳೆ. ಎಲ್ಲರೂ ಸುಖವಾಗಿದ್ದರು, ಎಲ್ಲರೂ ಸುಳ್ಳಾಗಿದ್ದರು, ಯಾರಿಗೂ ಗೊತ್ತಿರಲಿಲ್ಲ.

ಬರೆದು ಮುಗಿಸಿ ನೋಡಿದರೆ ನನಗೆ ಇದೇ ಹೆಚ್ಚು ಇಷ್ಟವಾಯಿತು. ಮೇಡಂ ಎರಡು ಸಲ ಓದಿದರು. ಅವರಿಗೂ ಇಷ್ಟವಾಯಿತೆಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಮುಂದೆ ಹೋಗಿ" ಅಂದರು, ಆದರೆ ಹಾಳೆಯನ್ನು ವಾಪಸು ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡರು.

೫

ಸೋಮವಾರ ಮೇಡಂ ನಾಲ್ಕು ತಟ್ಟೆ ಸಿದ್ಧ ಮಾಡಿದರು. ಎರಡರಲ್ಲಿ ಪ್ರೋಟೀನ್ ಉಂಟು, ಎರಡರಲ್ಲಿ ಇಲ್ಲ. ಪ್ರತಿ ಜೋಡಿಯಲ್ಲೂ ಒಂದನ್ನು ಎಡಗೈಯಿಂದ ಗುಂಡಗೆ ತಿರುಗಿಸಿದರು, ಇನ್ನೊಂದನ್ನು ನೇರ ಸರಿಸಿದರು. ಮಂಗಳವಾರ ಬೆಳಿಗ್ಗೆ ನೋಡಿದರೆ, ಪ್ರೋಟೀನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗುಂಡಗೆ ತಿರುಗಿಸಿದವು ನಡುವೆ ಸೇರಿದ್ದವು, ನೇರ ಸರಿಸಿದವು ಚದುರಿದ್ದವು.

ತಟ್ಟೆಗೆ ಬಿದ್ದ ಜೀವಕೋಶ ಕೂಡಲೇ ತಳಕ್ಕೆ ಅಂಟುವುದಿಲ್ಲ, ಸ್ವಲ್ಪ ಹೊತ್ತು ತೇಲುತ್ತದೆ. ಆ ಹೊತ್ತಿನಲ್ಲಿ ಗುಂಡಗೆ ತಿರುಗಿಸಿದರೆ ಚರಟದ ಹಾಗೆ ನಡುವಿಗೆ ಬಂದು ಅಲ್ಲೇ ಅಂಟುತ್ತದೆ. ಈ ಕೆಲಸ ಕಲಿಯುವವರಿಗೆಲ್ಲ ಮೊದಲ ವಾರವೇ ಹೇಳಿಕೊಡುವ ಪಾಠ ಇದು. ಹೊಸಬರಿಗೆ ಮೇಡಂ ತಾವೇ ನೂರು ಸಲ ಹೇಳಿದ್ದರು. ಆದರೆ ಮದ್ದು ಬೆರೆಸುವಾಗ ತಿರುಗಿಸುವುದನ್ನು ಯಾರೂ ತಿರುಗಿಸುವುದು ಎಂದು ಎಣಿಸಿರಲಿಲ್ಲ. ಅದು ಬೆರೆಸುವುದು, ಅಷ್ಟೆ. ಪ್ರೋಟೀನ್ ಮುಟ್ಟದ ತಟ್ಟೆಗೆ ಬೇಕಾದ, ಏನೂ ಮಾಡದ ಸಪ್ಪೆ ಮದ್ದನ್ನು ಬೆಣ್ಣೆ ಮೊದಲೇ ದ್ರಾವಣದ ಬಾಟಲಿಯಲ್ಲಿ ಬೆರೆಸಿಡುತ್ತಿದ್ದಳು, ಸಮಯ ಉಳಿಯಲಿ ಎಂದು. ಆ ತಟ್ಟೆಯನ್ನು ತಿರುಗಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಹಾಗಾದರೆ ಬೇರೆ ಲ್ಯಾಬುಗಳಲ್ಲೂ ಅದೇ ಫಲಿತಾಂಶ ಬಂತಲ್ಲ, ಎಂದು ನೀವು ಕೇಳಬೇಕು. (ಕೇಳಿ, ಸುಮ್ಮನೆ ತಲೆಯಾಡಿಸಬೇಡಿ.) ಬರದೆ ಏನು? ಮೆತ್ತಗೆ ಮೂರು ಸುತ್ತು ಎಂದು ಬರೆದಿತ್ತು, ಅವರೂ ಮೆತ್ತಗೆ ಮೂರು ಸುತ್ತು ತಿರುಗಿಸಿದರು. ಫಲಿತಾಂಶ ಸಿಗದವರು ಲ್ಯಾಬಿಗೆ ಬಂದು ಬೆಣ್ಣೆಯ ಪಕ್ಕ ಕೂತು ಕಲಿತು ಹೋದರು. ಒಬ್ಬ ಮಾತ್ರ ಬರಲಿಲ್ಲ. ತಟ್ಟೆ ಅಲುಗಿಸಲು ತಾನು ಯಂತ್ರ ಬಳಸುತ್ತೇನೆ, ತನ್ನ ಲ್ಯಾಬಿನಲ್ಲಿ ಜೀವಕೋಶಗಳು ಗುಂಪಾಗುತ್ತಲೇ ಇಲ್ಲ ಎಂದು ತಿಳಿಸಿದ್ದ. ಕೈ ಪಳಗಬೇಕು, ಕೈಗುಣವೂ ಬೇಕು ಎಂದು ಮೇಡಂ ನಯವಾಗಿ ಉತ್ತರಿಸಿದ್ದರು. ಅವನು ಆ ವಿಷಯವನ್ನೇ ಬಿಟ್ಟ. ಮೇಡಂಗೆ ಅವನ ಹೆಸರು ನೆನಪಾಗಲಿಲ್ಲ, ಮಂಗಳವಾರವಿಡೀ ನೆನಪಿಸಿಕೊಳ್ಳಲು ನೋಡಿದರು.

ಸಂಜೆ ಗಂಡನಿಗೆ ಹೇಳಿದರು. ಹಲ್ಲಿನ ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

"ನಾನು ತಪ್ಪು ಹಲ್ಲು ಕಿತ್ರೆ ಒಬ್ರು ಬಯ್ತಾರೆ. ನೀನು ಕಿತ್ತಿದ್ದನ್ನ ನೋಡ್ಕೊಂಡು ನಾಲ್ಕು ಸಾವಿರ ಜನ ಕೀಳ್ತಾ ಕೂತಿದಾರೆ."

"ನಗು ಬರ್ತಿಲ್ಲ ರೀ."

"ನನಗೂ ಬರ್ತಿಲ್ಲ. ಪತ್ರಿಕೆಯವರಿಗೆ ತಿಳಿಸ್ಬಿಡು, ಪೇಪರ್ ವಾಪಸ್ ತಗೋತೀವಿ ಅಂತ."

"ತಿಳಿಸ್ತೀನಿ. ಅದರಲ್ಲಿ ಎರಡು ಮಾತೇ ಇಲ್ಲ."

"ಮತ್ತೆ?"

"ಗುರುವಾರ ಅವರು ಫೋನ್ ಮಾಡ್ತಾರೆ. ಅದಕ್ಕೂ ಮುಂಚೆ ತಿಳಿಸಿದ್ರೆ ಬೆಣ್ಣೆ ಕೆಲಸ ಹೋಯ್ತು. ಆಮೇಲೆ ತಿಳಿಸಿದ್ರೆ, ಗೊತ್ತಿದ್ದೂ ಗೊತ್ತಿದ್ದೂ ನಾನು..."

ಹಲ್ಲಿನ ಡಾಕ್ಟರು ಎದ್ದು ಹೋಗಿ ಹೆಂಡತಿಗೆ ತಿಂಡಿಯ ತಟ್ಟೆ ತಂದಿಟ್ಟರು. ಒಂದೇ ಕೈಯಲ್ಲಿ ತಿನ್ನಲಾಗುವ ಹಾಗೆ ಎಲ್ಲವನ್ನೂ ಸಣ್ಣಗೆ ಕತ್ತರಿಸಿದ್ದರು. ಮೇಡಂಗೆ ಅಳು ಬಂತು.

೬

ಬುಧವಾರದ ಮಾತುಕತೆಯನ್ನು ನಾನು ಅಲಂಕರಿಸುವುದಿಲ್ಲ. ಮೇಡಂ ಫೋನಿನಲ್ಲಿ ಎಲ್ಲ ಹೇಳಿದರು. ಆ ಕಡೆ ಬೆಣ್ಣೆಯ ಹಿಂದೆ ಎಲ್ಲೋ ಯಂತ್ರವೊಂದು ಗುಂಯ್ಗುಟ್ಟುತ್ತಿತ್ತು, ಅವಳೂ ಲ್ಯಾಬಿನಲ್ಲೇ ಇದ್ದಳು.

"ಗುರುವಾರ ಕಳೀಲಿ ಮೇಡಂ."

"ಬೆಣ್ಣೆ..."

"ನೀವು ಸುಳ್ಳು ಹೇಳಿ ಅಂತ ನಾನು ಅಂತಿಲ್ಲ. ಅವರು ಕೇಳೋದೇನು? ಕೆಲಸ ಅವಳದಾ ಅಂತ. ಹೌದು ಅನ್ನಿ. ಅದು ನಿಜ ತಾನೆ? ನನ್ನ ಕೆಲಸಾನೇ ತಾನೆ?"

"ನಿಜ."

"ಮತ್ತಿನ್ನೇನು? ಸರಿನಾ ತಪ್ಪಾ ಅಂತ ಅವರು ಕೇಳಲ್ಲ. ಕೇಳದೆ ಇದ್ದದ್ದನ್ನ ನೀವ್ಯಾಕೆ ಹೇಳ್ಬೇಕು? ಪ್ರತಿ ವರ್ಷ ನನ್ನ ಮಗಳು ಕೇಳ್ತಾಳೆ ಮೇಡಂ, ಅಮ್ಮಾ, ಮುಂದಿನ ವರ್ಷ ಇದೇ ಮನೇಲಿ ಇರ್ತೀವಾ ಅಂತ. ನಾನು ನೋಡೋಣ ಪುಟ್ಟಾ ಅಂತೀನಿ. ಈ ವರ್ಷ ಹೂಂ ಅಂದ್ಬಿಟ್ಟಿದೀನಿ."

ಮೇಡಂ ನನ್ನನ್ನು ನೋಡಿದರು. ನಾನು ಪೆನ್ನು ಕಚ್ಚುತ್ತ ಕುಳಿತಿದ್ದೆ. ಫೋನ್ ಆ ಕಡೆಯಿಂದ ಕಟ್ ಆಯಿತು. ಸಂಜೆ ಒಂದು ಮೆಸೇಜು ಬಂತು: ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ನನ್ನ ಕೈಯಾರೆ ಮಾಡಿ, ಕಣ್ಣಾರೆ ನೋಡ್ಬೇಕು.

೭ (ಮುಕ್ತಾಯಗಳು, ಆರಿಸಿಕೊಳ್ಳಿ)

ಒಂದನೆಯದು. ಮೇಡಂ ಅಧ್ಯಕ್ಷರಿಗೆ ಎಲ್ಲ ನಿಜ ಹೇಳುತ್ತಾರೆ. ಇಂಥ ಪ್ರಾಮಾಣಿಕತೆ ಕಂಡು ಸಮಿತಿ ಕರಗಿ ಬೆಣ್ಣೆಯನ್ನು ಕಾಯಂ ಮಾಡುತ್ತದೆ.

ಮೇಡಂ: "ನೀವು ಯಾವತ್ತಾದ್ರೂ ಯಾವುದಾದ್ರೂ ಸಮಿತೀಲಿ ಕೂತಿದೀರಾ?"

ಎರಡನೆಯದು. ಮೇಡಂ ಹೌದು ಅನ್ನುತ್ತಾರೆ. ಬೆಣ್ಣೆಗೆ ಕೆಲಸ ಸಿಗುತ್ತದೆ. ಮುಂದಿನ ವಾರ ಪೇಪರ್ ವಾಪಸಾಗುತ್ತದೆ. ಇಬ್ಬರೂ ಒಂದೇ ಸಮ್ಮೇಳನದಲ್ಲಿ ಎದುರಾಗಿ, ಗುರುತಿಲ್ಲದವರ ಹಾಗೆ ಬೇರೆ ಬೇರೆ ಸಾಲಿನಲ್ಲಿ ಊಟಕ್ಕೆ ನಿಲ್ಲುತ್ತಾರೆ.

ಮೇಡಂ ಆ ಹಾಳೆಯನ್ನು ಮಡಚಿ ಬದಿಗಿಟ್ಟರು.

ಮೂರನೆಯದು. ಪೇಪರ್ ವಾಪಸಾದ ಮೇಲೂ ಉಲ್ಲೇಖಗಳು ಏರುತ್ತಲೇ ಹೋಗುತ್ತವೆ. ಯಾಕೆಂದರೆ ಉಲ್ಲೇಖಿಸುವವರು ಅದನ್ನು ಓದಿರುವುದಿಲ್ಲ, ಉಲ್ಲೇಖಿಸಿದವರನ್ನು ಓದಿರುತ್ತಾರೆ. ಮೇಡಂ ಮುದುಕಿಯಾಗಿ, ತಮ್ಮ ಸುಳ್ಳು ತಮಗಿಂತ ಗಟ್ಟಿಯಾಗಿ ಬದುಕುವುದನ್ನು ನೋಡುತ್ತಾರೆ.

"ಇದು ಆಗೋದೇ," ಅಂದರು ಮೇಡಂ. "ಆದ್ರೆ ಇದು ಮುಕ್ತಾಯ ಅಲ್ಲ, ಅಂಕಿಅಂಶ. ಅದಿರ್ಲಿ, ಒಂದು ಕೇಳ್ತೀನಿ. ಬೆಣ್ಣೆ ಬಸ್ಸು ಹತ್ತಿದ್ದು ಅವಳಿಷ್ಟವೋ, ನಿಮ್ಮ ಕೈಯೋ?"

"ಅಂದ್ರೆ?"

"ಎಲ್ಲ ಕಥೇಲೂ ಕೊನೆಗೆ ಎಲ್ರೂ ಒಂದೇ ರೂಮಿಗೆ ಬಂದು ಸೇರ್ತಾರೆ. ಸೇರೋ ಆಸೆ ಅವರಿಗಿತ್ತಾ, ಯಾರಾದ್ರೂ ತಟ್ಟೆ ತಿರುಗಿಸಿದ್ರಾ?"

ತಿರುಗಿಸಿದ್ದು ಹೌದು ಎನ್ನಬೇಕಾಯಿತು. ಪ್ರತಿ ಕಥೆಯ ಕೊನೆಯಲ್ಲಿ ನಾನು ತಿರುಗಿಸುತ್ತೇನೆ, ಮೆತ್ತಗೆ, ಓದುವವರಿಗೆ ಗೊತ್ತಾಗದ ಹಾಗೆ. ಜನ ನಡುವಿಗೆ ಬರುತ್ತಾರೆ, ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ, ಓದುವವರು ಇದೇ ಬದುಕು ಎನ್ನುತ್ತಾರೆ. ಈ ಸಲ ಬೇಡ. ಬೆಣ್ಣೆ ಬಸ್ಸಿನಿಂದ ಇಳಿದು ವಾಪಸು ಹೋಗಬೇಕೆಂದರೆ ಹೋಗಲಿ. ನಾನು ಕಾದೆ.

ಅವಳು ಬಂದಳು. (ತಿರುಗಿಸಿದ್ದು ನಾನಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.)

೮

ಗುರುವಾರ ಬೆಳಿಗ್ಗೆ ಬೆಣ್ಣೆ ಲ್ಯಾಬಿನ ಬಾಗಿಲಲ್ಲಿ ನಿಂತಾಗ ಮೇಡಂ ಎದ್ದರು. ಅವಳ ಕೂದಲಲ್ಲಿ ನರೆ ಇಣುಕಿತ್ತು. ಮೇಡಂ ಮುಂಗೈಯ ಪಟ್ಟಿ ನೋಡಿ ಬೆಣ್ಣೆ, "ನೋವಿದೆಯಾ?" ಎಂದಳು. "ಇಲ್ಲ" ಎಂದರು ಮೇಡಂ. ಅಲ್ಲಿಗೆ ಉಭಯಕುಶಲೋಪರಿ ಮುಗಿಯಿತು.

ಕೈಗವಸು ಹಾಕಿಕೊಂಡು, ಸ್ಪಿರಿಟ್ ಸವರಿಕೊಂಡು ಬೆಣ್ಣೆ ಗಾಜಿನ ಪರದೆಯ ಮುಂದೆ ಕುಳಿತಳು. ಜೀವಕೋಶ ಸುರಿದಳು. ಮದ್ದು ಹನಿ ಹನಿಯಾಗಿ ಬಿತ್ತು, ಒಂದು ಹನಿಯೂ ಸಿಡಿಯಲಿಲ್ಲ. ಅಂಥ ಕೈಯನ್ನು ಮೇಡಂ ಆಮೇಲೆ ಯಾರಲ್ಲೂ ಕಂಡಿರಲಿಲ್ಲ. ಈಗ ತಟ್ಟೆಯನ್ನು ನೇರ ಸರಿಸಬೇಕು. ಬೆಣ್ಣೆ ಅದರ ಮೇಲೆ ಬೆರಳಿಟ್ಟಳು, ತಕ್ಷಣ ತೆಗೆದಳು.

"ಕೈ ತಾನೇ ತಿರುಗೋಕೆ ಹೋಗುತ್ತೆ ಮೇಡಂ."

ಎಡಗೈಯಿಂದ ತನ್ನ ಬಲ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡು ತಟ್ಟೆಯನ್ನು ಸರಿಸಿದಳು. ಹಿಂದೆ, ಮುಂದೆ, ಅಡ್ಡ. ಹಣೆಯಲ್ಲಿ ಬೆವರಿತ್ತು. ಮೇಡಂ ತಮ್ಮ ಒಳ್ಳೆಯ ಕೈಯಿಂದ ಇನ್‌ಕ್ಯುಬೇಟರಿನ ಬಾಗಿಲು ತೆಗೆದರು, ಬೆಣ್ಣೆ ತಟ್ಟೆಯನ್ನು ಒಳಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಜೀವಕೋಶಗಳು ತಳಕ್ಕೆ ಅಂಟಿರುತ್ತವೆ. ಆಗ ನೋಡಬಹುದು.

ಕಾಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮೇಜಿನ ಮೇಲೆ ಮೇಡಂ ಫೋನ್ ಇತ್ತು. ಇಬ್ಬರೂ ಅದನ್ನು ನೋಡದ ಹಾಗೆ ಕುಳಿತಿದ್ದರು.

"ನಾನು ಯೋಚನೆ ಮಾಡಿದೀನಿ," ಅಂದರು ಮೇಡಂ. "ಅಧ್ಯಕ್ಷರಿಗೆ ನಾನೇ ಹೇಳ್ತೀನಿ. ತಪ್ಪು ಪೂರ್ತಿ ನಂದು ಅಂತ. ಲ್ಯಾಬ್ ನಂದು, ವಿಧಾನ ನಂದು, ನೀನು ನಾನು ಹೇಳಿದ ಹಾಗೆ ಮಾಡ್ದೆ ಅಷ್ಟೆ. ನಿನ್ನ ಮೇಲೆ ಏನೂ ಬರದ ಹಾಗೆ ನೋಡ್ಕೋತೀನಿ."

ಬೆಣ್ಣೆಯ ಮುಖ ಕೆಂಪಾಯಿತು. "ಮೂರು ಸುತ್ತು ನೀವು ಹೇಳಿಕೊಟ್ರಾ?"

"ಯಾರು ಹೇಳಿದ್ದು ಅನ್ನೋದು ಈಗ..."

"ನಾನು ಮಾಡಿದ್ದು. ಸಪ್ಪೆ ಮದ್ದನ್ನ ಮೊದಲೇ ಬಾಟ್ಲಲ್ಲಿ ಬೆರೆಸಿಟ್ಟಿದ್ದೂ ನಾನೇ. ಸರಿ ಇದ್ದಾಗ ಮೊದಲ ಹೆಸರು ನಂದು, ತಪ್ಪಾದ ತಕ್ಷಣ ಎಲ್ಲ ನಿಮ್ಮದಾ? ಹಾಗಾದ್ರೆ ಹದಿನೈದು ವರ್ಷ ನಾನು ಏನಾಗಿದ್ದೆ ಆ ಪೇಪರಲ್ಲಿ? ನಿಮ್ಮ ಮುಂಗೈನಾ?"

ಮೇಡಂ ತಮ್ಮ ಮುಂಗೈಯ ಪಟ್ಟಿ ನೋಡಿಕೊಂಡರು.

"ನಿನ್ನೆ ಹೇಳ್ಬೇಡಿ ಅಂದೋಳೂ ನಾನೇ," ಅಂದಳು ಬೆಣ್ಣೆ, ದನಿ ತಗ್ಗಿಸಿ. "ಇವತ್ತೂ ಹಾಗೇ ಅನ್ನಿಸ್ತಿದೆ. ಸುಳ್ಳು ಹೇಳಲ್ಲ. ಬಸ್ಸಲ್ಲಿ ದಾರಿಯುದ್ದಕ್ಕೂ ಬೇಡ್ಕೊಂಡೆ, ತಟ್ಟೇಲಿ ಗುಂಪಾಗಿರ್ಲಿ, ಮೇಡಂ ಏನೋ ಎಡವಟ್ಟು ಮಾಡ್ಕೊಂಡಿರ್ಲಿ ಅಂತ." ಮೂಗು ಒರೆಸಿಕೊಂಡಳು. "ಒಂದು ಮಾತಾಗ್ಲಿ. ಫೋನ್ ಬರೋದರೊಳಗೆ ನಾನು ತಟ್ಟೆ ನೋಡ್ತೀನಿ. ಗುಂಪಾಗಿದ್ರೆ ಫೋನ್ ನೀವು ತಗೊಳ್ಳಿ. ಚದುರಿದ್ರೆ ನಾನು ತಗೋತೀನಿ. ನಾನೇ ಹೇಳ್ತೀನಿ."

"ಮನೇಲಿ ಮಗಳಿಗೆ ಹೂಂ ಅಂದಿದೀಯಲ್ಲೇ."

"ಅಂದಿದೀನಿ."

ಮೇಡಂ ತಲೆಯಾಡಿಸಿದರು. ಯಾವುದಕ್ಕೆ ಒಪ್ಪಿದರೆಂದು ಅವರಿಗೂ ಸ್ಪಷ್ಟವಿರಲಿಲ್ಲ.

೯

ಮೂರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಬೆಣ್ಣೆ ಎದ್ದು ಹೋಗಿ ಇನ್‌ಕ್ಯುಬೇಟರಿನ ಹಿಡಿಯ ಮೇಲೆ ಕೈಯಿಟ್ಟಳು. ಆಗಲೇ ಫೋನ್ ಹೊಡೆದುಕೊಳ್ಳತೊಡಗಿತು. ಅಧ್ಯಕ್ಷರು ಅವಸರದ ಮನುಷ್ಯರೆಂದು ಕಾಣುತ್ತದೆ. (ಅವರನ್ನು ಹಾಗೆ ಮಾಡಿದ್ದು ನಾನು. ಅದೊಂದನ್ನು ಒಪ್ಪಿಕೊಳ್ಳುತ್ತೇನೆ.)

ಮೇಡಂ ಕುರ್ಚಿಯಲ್ಲೇ ಇದ್ದಾರೆ. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ, ಇನ್ನೊಂದು ಮೇಜಿನ ಅಂಚಿನಲ್ಲಿ. ಫೋನಿನ ಕಡೆ ಅವರು ಕೈ ಚಾಚಿಲ್ಲ. ಬೆಣ್ಣೆಯ ಬೆನ್ನು ನೋಡುತ್ತಿದ್ದಾರೆ.

ತಟ್ಟೆಯೊಳಗೆ ಏನಿದೆ ಎಂದು ನಿಮಗೆ ಗೊತ್ತು, ನನಗೆ ಗೊತ್ತು, ಮೇಡಂಗೆ ಗೊತ್ತು. ಬಾಗಿಲು ತೆಗೆಯುವವರೆಗೆ ಬೆಣ್ಣೆಗೆ ಮಾತ್ರ ಗೊತ್ತಿಲ್ಲ. ನೋಡದವಳು ಫೋನ್ ತೆಗೆದುಕೊಳ್ಳಬೇಕಾಗಿಲ್ಲ, ಆಗಿರುವ ಮಾತೇ ಹಾಗೆ. ಹಿಡಿ ತಿರುಗಿಸದೆ ಇನ್ನೊಂದು ನಾಲ್ಕು ರಿಂಗು ನಿಂತರೆ ಸಾಕು. ಮೇಡಂ ತೆಗೆದುಕೊಂಡು ಹೌದು ಎನ್ನುತ್ತಾರೆ ಅಥವಾ ಎಲ್ಲ ತಪ್ಪು ನನ್ನದು ಎನ್ನುತ್ತಾರೆ. ಎರಡರಲ್ಲೂ ಬೆಣ್ಣೆಯ ಕೈ ಇರುವುದಿಲ್ಲ.

ಅವಳ ಹೆಗಲು ಅಲುಗಿತು. ಹಿಡಿಯ ಕಡೆಗೋ ಫೋನಿನ ಕಡೆಗೋ, ಇಲ್ಲಿಂದ ಕಾಣಿಸುತ್ತಿಲ್ಲ.

ಅವಳು ಬಾಗಿಲು ತೆಗೆಯಲಿ ಎಂದು ನನಗೆ ಆಸೆ. ಮನೆಯಲ್ಲಿ ಕಾಯುತ್ತಿರುವ ಆ ಮಗುವನ್ನು ನೆನೆದರೆ ತೆಗೆಯದಿರಲಿ ಎಂದೂ ಆಸೆ. ಎರಡೂ ಆಸೆ ಸೇರಿ ನನ್ನ ಮುಂಗೈ ಆಗಲೇ ಸಣ್ಣಗೆ ತಿರುಗಲು ನೋಡುತ್ತಿದೆ, ಮೆತ್ತಗೆ, ಮೊದಲ ಸುತ್ತು. ಇಲ್ಲ. ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೇನೆ.

ಫೋನ್ ಹೊಡೆದುಕೊಳ್ಳುತ್ತಲೇ ಇದೆ. ಒಂದು ಕೈ ಇನ್ನೊಂದನ್ನು ಹೀಗೆ ಹಿಡಿದುಕೊಂಡಿರುವಾಗ ಬರೆಯಲಾಗುವುದಿಲ್ಲ.